ಪರವಾಗಿಲ್ಲ ಎಂದವಳ ಸರದಿ

ಈನಿಡ್ ಆರ್ಮರಾಡ್ ಎಂಬಾಕೆಯನ್ನು ನಾನು ಮೊದಲು ಕಂಡದ್ದು ಥಾರ್ನ್‌ಶಾ ಊರಿನ ಮಿಲ್ ರಸ್ತೆಯ ನಟ್ಟನಡುವೆ. ಅವಳು ಆಗ ಒಂದು ದೊಡ್ಡ ಕಪ್ಪು ಕಾರಿಗೆ ಬುದ್ಧಿ ಹೇಳುತ್ತಿದ್ದಳು. ನವೆಂಬರ್ ತಿಂಗಳ ಬೆಳಗು. ಮಳೆ ಬರುತ್ತಿರಲಿಲ್ಲ, ನಿಂತೂ ಇರಲಿಲ್ಲ. ಇಂಗ್ಲೆಂಡಿನ ಉತ್ತರದ ನಮ್ಮ ಕಡೆ ಅದಕ್ಕೆ ಒಳ್ಳೆಯ ಹವೆ ಎನ್ನುತ್ತೇವೆ. ಶಾಲೆಯ ಮಕ್ಕಳನ್ನು ರಸ್ತೆ ದಾಟಿಸಲು ಪುರಸಭೆಯವರು ಹೊಸಬರನ್ನು ನೇಮಿಸಿದ್ದಾರೆಂದು ಕೇಳಿದ್ದೆ. ಮೊಣಕಾಲಿನ ಕೆಳಗಿನವರೆಗೂ ಬರುವ ಹಳದಿ ಕೋಟು, ಕೈಯಲ್ಲಿ ಆಳೆತ್ತರದ ಕೋಲು, ಅದರ ತುದಿಯಲ್ಲಿ 'ನಿಲ್ಲಿ' ಎಂದು ಬರೆದ ದುಂಡು ಹಲಗೆ. ದೂರದಿಂದ ಅದು ಮಕ್ಕಳು ಚೀಪುವ ಲಾಲಿಪಾಪಿನಂತೆ ಕಾಣುವುದರಿಂದ ಈ ಕೆಲಸದವರನ್ನು ಊರೆಲ್ಲ ಲಾಲಿಪಾಪ್ ಎಂದೇ ಕರೆಯುತ್ತದೆ.

ಕಾರಿನವನು ಹಾರ್ನ್ ಹೊಡೆದಿದ್ದ. ಅದೇ ಅವನು ಮಾಡಿದ ತಪ್ಪು.

"ಏನ್ ಚಿನ್ನ, ಅಷ್ಟೊಂದು ಅರ್ಜೆಂಟಾ? ಅರಮನೇಲಿ ನಿನಗೆ ಅಂತ ಸುರಿದಿಟ್ಟ ಟೀ ಆರೋಗ್ತಿದೆಯಾ?"

"ನನಗೆ ಕೆಲಸಕ್ಕೆ ಹೊತ್ತಾಗ್ತಿದೆ ರೀ!"

"ಈ ಮಗೂಗೂ ಕೆಲಸ ಇದೆ. ಇವತ್ತು ಏಳರ ಮಗ್ಗಿ. ನಿನಗೆ ಬರುತ್ತಾ ಏಳರ ಮಗ್ಗಿ? ಹೇಳು ನೋಡೋಣ, ಬಿಟ್ಬಿಡ್ತೀನಿ."

ಆತ ಗಾಜು ಏರಿಸಿಕೊಂಡ. ಏಳರ ಮಗ್ಗಿ ಬರುತ್ತಿರಲಿಲ್ಲವೆಂದು ಕಾಣುತ್ತದೆ. ನಮ್ಮೂರಿನಲ್ಲಿ ಕಟುಕನ ಅಂಗಡಿಯಿಂದ ಹಿಡಿದು ಪೊಲೀಸ್ ಠಾಣೆಯವರೆಗೆ ಎಲ್ಲರೂ ಎಲ್ಲರನ್ನೂ ಚಿನ್ನ ಎಂದೇ ಕರೆಯುವುದು ರೂಢಿ. ದಂಡ ಹಾಕುವಾಗಲೂ ಚಿನ್ನ ಎನ್ನುತ್ತಾರೆ.

ನಾನು ಅದೇ ಶಾಲೆಯ ಮೇಷ್ಟ್ರು, ಮಕ್ಕಳು ಒಳಗೆ ಹೋದ ಮೇಲೆ ಅವಳೊಡನೆ ಎರಡು ಮಾತಾಡಿದೆ. ಹಿಂದೆ ಊರಿನ ಬಸ್ಸು ಓಡಿಸುತ್ತಿದ್ದಳಂತೆ, ಮಂಡಿ ಕೈಕೊಟ್ಟಿತಂತೆ. "ಅವಾಗ ಸ್ಟಾಪಲ್ಲಿ ಜನ ನನಗೆ ಕಾಯ್ತಿದ್ರು ಮೇಷ್ಟ್ರೇ. ಈಗ ಕಾರುಗಳು ಕಾಯ್ತವೆ. ಒಟ್ನಲ್ಲಿ ಜನರನ್ನ ಕಾಯಿಸೋದೇ ನನ್ನ ಕಸುಬು" ಎಂದು ನಕ್ಕಳು. ಹೀಗೆ ಕಾಯಿಸಿದ ಸಾಲವನ್ನೆಲ್ಲ ಸರ್ಕಾರ ಅವಳಿಂದ ಬಡ್ಡಿಸಮೇತ ವಸೂಲು ಮಾಡಲಿದೆಯೆಂದು ಆಗ ನಮ್ಮಿಬ್ಬರಿಗೂ ತಿಳಿದಿರಲಿಲ್ಲ.

ಆ ದಿನಗಳಲ್ಲಿ ನಾವು ಅವಳನ್ನು ಕರೆಯುತ್ತಿದ್ದ ಹೆಸರು ಬೇರೆ. ಅದು ಇಲ್ಲಿ ಬೇಕಾಗಿಲ್ಲ. ಖಾಲಿ ಮಾಡಿ ಹೋದ ಬಾಡಿಗೆ ಮನೆಯ ವಿಳಾಸಕ್ಕೆ ಕಾಗದ ಹಾಕುವುದು ಸಭ್ಯತೆಯಲ್ಲ. ಹುಟ್ಟಿದಾಗ ಗಂಡೆಂದು ಬರೆಸಿದ್ದರು. ತಾನು ಹೆಣ್ಣೆಂಬುದು ಅವಳಿಗೆ ಬಾಲ್ಯದಿಂದಲೂ ಗೊತ್ತಿತ್ತು. ಬಸ್ಸು ಓಡಿಸುವವರಿಗೆ ದಾರಿ ಗೊತ್ತಿರುವಷ್ಟು ನಿಶ್ಚಯವಾಗಿ ಗೊತ್ತಿತ್ತು. ತಾಯಿ ತೀರಿಕೊಂಡ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ, ವಸಂತದ ರಜೆ ಮುಗಿದ ಸೋಮವಾರ ಹಳದಿ ಕೋಟಿನ ಮೇಲೆ 'ಈನಿಡ್' ಎಂಬ ಬಿಲ್ಲೆ ಧರಿಸಿಕೊಂಡು ಬಂದು ರಸ್ತೆಯಲ್ಲಿ ನಿಂತಳು. ಈನಿಡ್ ಎಂಬುದು ಅವಳ ಅಜ್ಜಿಯ ಹೆಸರು.

ಎರಡನೆಯ ತರಗತಿಯ ಒಬ್ಬ ಹುಡುಗಿ ಬಿಲ್ಲೆಯನ್ನು ಕೂಡಿಸಿ ಓದಿದಳು.

"ನಿನ್ನ ಹೆಸರು ಈನಿಡ್ಡಾ?"

"ಹೂಂ ಚಿನ್ನ."

"ಹಾಗಾದ್ರೆ ನೀನು ಹೆಂಗಸಾ?"

"ಹೂಂ. ಮೊದಲಿಂದಾನೂ."

"ಸರಿ. ನಮ್ಮನೆ ಬೆಕ್ಕಿನ ಹೆಸರೂ ಈನಿಡ್. ಅದಕ್ಕೆ ಒಂದೇ ಕಿವಿ."

ಮಕ್ಕಳ ಪಾಲಿಗೆ ವಿಷಯ ಅಲ್ಲಿಗೆ ಮುಗಿಯಿತು. ದೊಡ್ಡವರಿಗೆ ಎರಡು ಸಭೆ ಬೇಕಾದವು. ಶಾಲೆಯ ಆಡಳಿತ ಮಂಡಳಿ ಗಂಭೀರವಾಗಿ ಸೇರಿ, ರಸ್ತೆಗೆ ಲಿಂಗವಿಲ್ಲ, ಕೋಲಿಗೂ ಇಲ್ಲ, ಆದ್ದರಿಂದ ತೀರ್ಮಾನಿಸಬೇಕಾದದ್ದು ಏನೂ ಇಲ್ಲ ಎಂದು ತೀರ್ಮಾನಿಸಿ, ಬಿಸ್ಕತ್ತು ಮುಗಿಸಿ ಎದ್ದಿತು.

ಬಡಾವಣೆಯ ಡಾಕ್ಟರು ಒಳ್ಳೆಯವರು. ನಗರದ ಲಿಂಗತ್ವ ಚಿಕಿತ್ಸಾಲಯಕ್ಕೆ ಅದೇ ವಾರ ಕಾಗದ ಬರೆದರು. ಅಲ್ಲಿನ ತಜ್ಞರು ಒಮ್ಮೆ ಕಂಡು ಮಾತಾಡದೆ ಹಾರ್ಮೋನಿನ ಒಂದು ಮಾತ್ರೆಯೂ ಸಿಗದು. ಆ ಮೊದಲ ಭೇಟಿಯೇ ಹೆಬ್ಬಾಗಿಲು. ಈನಿಡ್‌ಳ ಹೆಸರು ಕಾಯುವವರ ಪಟ್ಟಿಯಲ್ಲಿ ಸೇರಿತು. ಎಷ್ಟು ದಿನವಾಗಬಹುದೆಂದು ಕೇಳಿದ್ದಕ್ಕೆ, "ದಿನ ಅಂತ ಕೇಳಬೇಡಿ, ಚಿನ್ನ" ಎಂದು ಫೋನಿನಲ್ಲಿ ಮೃದುವಾಗಿ ಹೇಳಿದರಂತೆ.

ಐದು ಚಳಿಗಾಲಗಳು ಕಳೆದವು. ಅಷ್ಟರಲ್ಲಿ ಏಳರ ಮಗ್ಗಿ ಕಲಿಯಲು ರಸ್ತೆ ದಾಟಿದ ಮಕ್ಕಳು ಹೈಸ್ಕೂಲಿಗೆ ಹೋಗಿ ಗೊಗ್ಗರು ದನಿಯಲ್ಲಿ ಮಾತಾಡತೊಡಗಿದರು. ನಾನು ನಿವೃತ್ತನಾದೆ. ಆದರೂ ವಾರಕ್ಕೆರಡು ಬೆಳಗು ಮಕ್ಕಳ ಓದು ಕೇಳಲು ಶಾಲೆಗೆ ಹೋಗುತ್ತಿದ್ದೆ. ಮಕ್ಕಳೆಲ್ಲ ಒಳಹೊಕ್ಕ ಮೇಲೆ ಈನಿಡ್, ನಾನು, ಶಾಲೆಯ ಅಡುಗೆಯ ಬೆರಿಲ್ ಮೂವರೂ ಅಡುಗೆಮನೆಯಲ್ಲಿ ಕುಳಿತು ಟೀ ಕುಡಿಯುವುದು ವಾಡಿಕೆ. ಬೆರಿಲ್ ಅಗಲವಾದ ಹೆಂಗಸು. ಸೌಟು ಹಿಡಿದೇ ಮಾತಾಡುವವಳು, ಯಾರಿಗೂ ಹೆದರದವಳು.

ಅಂಥದೊಂದು ಬೆಳಗು, ಅವಳು ಹಿಟ್ಟು ಕಲಸುತ್ತಿದ್ದಾಗ, ಈನಿಡ್ ಕೈಗವಸು ತೆಗೆದು ಗಲ್ಲ ಸವರಿಕೊಂಡಳು. ಚಳಿಗೆ ಚರ್ಮ ಒಡೆದಿತ್ತು.

"ದಿನಾ ಎರಡು ಸಲ ಕ್ಷೌರ ಮಾಡ್ಕೋತೀನಿ ಮೇಷ್ಟ್ರೇ, ಏಳಕ್ಕೆ ಮುಂಚೆ. ಮಕ್ಕಳು ಏನೂ ಅನ್ನಲ್ಲ, ನನಗೇ ತಡೆಯಲ್ಲ. ಕನ್ನಡೀಲಿ ನಮ್ಮಪ್ಪ ನಿಂತಿರ್ತಾನೆ. ಒಳ್ಳೆ ಮನುಷ್ಯಾನೇ, ಆದ್ರೆ ದಿನಾ ಬೆಳಿಗ್ಗೆ ಅವನ ಮುಖ ನೋಡೋಕೆ ಇಷ್ಟ ಇಲ್ಲ. ಸಾಯೋಕೆ ಮುಂಚೆ ಒಂದಷ್ಟು ವರ್ಷ ನನ್ನ ಮುಖ ನಾನು ನೋಡಬೇಕು. ಅಷ್ಟೇ ಕೇಳ್ತಿರೋದು."

ಅವಳು ಹೀಗೆ ನೇರವಾಗಿ ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಮರುಕ್ಷಣವೇ, "ಇರಲಿ, ಪರವಾಗಿಲ್ಲ. ಬಿಸ್ಕತ್ತು ಇದೆಯಾ?" ಎಂದಳು.

ಸರ್ಕಾರ ಸುಮ್ಮನೆ ಕುಳಿತಿತ್ತೆಂದು ಯಾರೂ ಹೇಳಲಾಗದು. ಇಷ್ಟು ದೀರ್ಘ ಕಾಯುವಿಕೆ ನಾಗರಿಕ ದೇಶಕ್ಕೆ ಒಪ್ಪುವಂಥದಲ್ಲವೆಂದು ಮಂತ್ರಿಗಳು ಟಿವಿಯಲ್ಲಿ ಹೇಳಿದರು. ಕಾಯುವಿಕೆ ಮೊಟಕು ಯೋಜನೆ ಎಂಬುದೊಂದು ಹುಟ್ಟಿತು. ಅದಕ್ಕೆ ಮರಳು ಗಡಿಯಾರದ ಲಾಂಛನ ಬರೆಸಿದರು. ಚಿತ್ರಕಾರನ ಕೈತಪ್ಪಿನಿಂದ ಅದರಲ್ಲಿ ಮರಳು ಮೇಲಕ್ಕೆ ಹೋಗುತ್ತಿತ್ತು. ವಿಳಂಬದ ಕಾರಣ ಹುಡುಕಲು ಸಮಿತಿ ನೇಮಕವಾಯಿತು. ಸಮಿತಿಯ ವರದಿ ಒಂದು ರುಜುವಿಗಾಗಿ ಕಾಯುತ್ತ ಕುಳಿತಿತು. ಮುಂದೆ ಲೆಕ್ಕದ ಕ್ರಮವನ್ನೇ ಸುಧಾರಿಸಿದರು. ಡಾಕ್ಟರು ಕಾಗದ ಬರೆದ ದಿನದಿಂದ ಎಣಿಸುವ ಹಳೆಯ ಪದ್ಧತಿ ಕ್ರೂರವಾದುದು. ಇನ್ನು ಮುಂದೆ ಕಚೇರಿಯವರು ಲಕೋಟೆ ಒಡೆದ ದಿನದಿಂದ ಎಣಿಸತಕ್ಕದ್ದು ಎಂದಾಯಿತು. ಲಕೋಟೆ ಒಡೆಯುವವರೆಗೆ ಯಾರೂ ಕಾಯುತ್ತಿಲ್ಲವಾದ್ದರಿಂದ ಲಕೋಟೆಗಳು ನೆಮ್ಮದಿಯಾಗಿ ಮಲಗಿದವು.

ಪಟ್ಟಿಯಲ್ಲಿದ್ದವರಿಗೆಲ್ಲ 'ಚೆನ್ನಾಗಿ ಕಾಯಿರಿ' ಎಂಬ ಬಣ್ಣದ ಕೈಪಿಡಿ ಬಂತು. ಬೆರಿಲ್ ಅದನ್ನು ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದಿದಳು.

"'ದಿನಾಲೂ ಸ್ವಲ್ಪ ಹೊತ್ತು ತೆರೆದ ಗಾಳಿಯಲ್ಲಿ ನಿಲ್ಲಿ.' ಕೇಳಿಸ್ತಾ ಈನಿಡ್? ನೀನು ರಸ್ತೇಲಿ ನಿಂತ್ಕೊಬೇಕಂತೆ."

"ನಿಂತಿದೀನಲ್ಲ."

"'ಸಾಕಷ್ಟು ನೀರು ಕುಡಿಯಿರಿ.'"

"ಮಳೇಲಿ ಬಾಯಿ ತೆಗೆದ್ರೆ ಸಾಕು."

"'ಹಾಡುವ ಗುಂಪಿಗೆ ಸೇರಿ.' ಇವರ ತಲೆ! ಒಬ್ಬ ಡಾಕ್ಟರನ್ನ ನೇಮಿಸೋಕೆ ಆಗಲ್ವಂತಾ?"

"ಪಾಪ, ಅವರೂ ಪ್ರಯತ್ನ ಮಾಡ್ತಿದಾರೆ ಬಿಡೇ. ಚಿತ್ರಗಳು ಚೆನ್ನಾಗಿವೆ" ಎಂದಳು ಈನಿಡ್.

ಕಡೆಯದಾಗಿ ಪಟ್ಟಿ ಶುಚಿಗೊಳಿಸುವ ಅಭಿಯಾನ ಬಂತು. ಕಾಯುತ್ತಿರುವವರೆಲ್ಲರಿಗೂ ಫೋನ್ ಮಾಡಿ, ಇನ್ನೂ ಕಾಯುತ್ತಿದ್ದೀರಾ ಎಂದು ವಿಚಾರಿಸುವುದು ಅದರ ಉದ್ದೇಶ. ಈನಿಡ್‌ಗೆ ಫೋನ್ ಬಂದಾಗ ನಾವು ಮೂವರೂ ಅಡುಗೆಮನೆಯಲ್ಲಿಯೇ ಇದ್ದೆವು. ಅವಳ ಬೆರಳುಗಳು ಮರಗಟ್ಟಿದ್ದವು, ಫೋನನ್ನು ಮೇಜಿನ ಮೇಲಿಟ್ಟು ದನಿ ದೊಡ್ಡದು ಮಾಡಿದಳು. ಆದ್ದರಿಂದ ಈ ಸಂಭಾಷಣೆಗೆ ನಾನೇ ಸಾಕ್ಷಿ.

"ಮಿಸ್ ಆರ್ಮರಾಡ್ ಅವರಾ? ಕಾಯುವವರ ಪಟ್ಟಿ ವಿಭಾಗದಿಂದ ಮಾತಾಡ್ತಿದೀನಿ. ಹೇಗಿದ್ದೀರಿ?" ಎಳೆಯ ಹೆಣ್ಣುದನಿ. ಮಾತಿನ ವರಸೆಯಿಂದ ನಮ್ಮ ಪಕ್ಕದ ಕಣಿವೆಯ ಹುಡುಗಿಯೇ ಎಂದು ತಿಳಿಯಿತು.

"ಓ, ಪರವಾಗಿಲ್ಲ ಚಿನ್ನ. ದೂರೋ ಹಾಗೇನಿಲ್ಲ. ನೀನು ಹೇಗಿದೀಯ?"

"ನಾನೂ ಪರವಾಗಿಲ್ಲ, ಥ್ಯಾಂಕ್ಸ್. ಅಂದ್ರೆ, ಸದ್ಯಕ್ಕೆ ನಿಮಗೆ ಪರವಾಗಿಲ್ಲ?"

"ಪರವಾಗಿಲ್ಲ, ಪರವಾಗಿಲ್ಲ."

"ಕಾಯೋದ್ರಿಂದ ತೊಂದರೆ ಏನಾದ್ರೂ...?"

"ಅಯ್ಯೋ, ನನ್ನೊಬ್ಬಳದೇನು ಬಿಡು. ನನಗಿಂತ ಕಷ್ಟದಲ್ಲಿರೋರು ಎಷ್ಟೋ ಜನ ಇರ್ತಾರೆ. ಅವರನ್ನ ನೋಡ್ಲಿ."

"'ಅವರನ್ನ ನೋಡ್ಲಿ.' ಸರಿ, ಬರ್ಕೊಂಡೆ. ತುಂಬಾ ಸಹಾಯ ಆಯ್ತು."

"ನಿನಗೇ ಥ್ಯಾಂಕ್ಸ್ ಚಿನ್ನ. ಸಾರಿ, ನಿನ್ನ ಹೊತ್ತು ತಗೊಂಡೆ."

ಮುಂದಿನ ವಾರ ಕಾಗದ ಬಂತು. ತಾವು ಸ್ವಇಚ್ಛೆಯಿಂದ ತಮ್ಮ ಸರದಿಯನ್ನು ಬಿಟ್ಟುಕೊಟ್ಟಿದ್ದೀರಿ, ತಮ್ಮ ಆರೋಗ್ಯ ಸುಧಾರಿಸಿರುವುದು ನಮಗೆ ಸಂತೋಷ ತಂದಿದೆ, ಪಟ್ಟಿಯಿಂದ ತಮ್ಮ ಹೆಸರನ್ನು ತೆಗೆಯಲಾಗಿದೆ.

ನಾನು ನಲವತ್ತು ವರ್ಷ ವ್ಯಾಕರಣ ಹೇಳಿಕೊಟ್ಟವನು. 'ಪರವಾಗಿಲ್ಲ' ಎಂಬ ಒಂದು ಪದ ಎಷ್ಟು ಅರ್ಥಗಳನ್ನು ಹೊರಬಲ್ಲದೆಂದು ಆ ದಿನದವರೆಗೆ ಯೋಚಿಸಿರಲಿಲ್ಲ. ರೂಪದಲ್ಲಿ ಅದು ನಿಷೇಧಾರ್ಥಕ. ನಮ್ಮೂರಿನವರ ಬಾಯಲ್ಲಿ ಅದು ನಮಸ್ಕಾರ. ಕಾಲು ಮುರಿದು ಸ್ಟ್ರೆಚರಿನ ಮೇಲೆ ಮಲಗಿದವನೂ ಅದನ್ನೇ ಹೇಳುತ್ತಾನೆ. ನಮ್ಮ ಪಕ್ಕದ ಬೀದಿಯ ಒಬ್ಬ ಮುದುಕ ಸಾಯುವ ಬೆಳಿಗ್ಗೆ ನರ್ಸಿಗೆ ಹೇಳಿದ ಕಡೆಯ ಮಾತೂ ಅದೇ. ಕಚೇರಿಯವರು ಮಾತ್ರ ಅದನ್ನು ನಿಘಂಟಿನಲ್ಲಿದ್ದ ಹಾಗೆ ಓದಿದರು. ಈ ಒಂದು ಪದದ ಬಲದಿಂದ ನಮ್ಮ ಜಿಲ್ಲೆಯ ಪಟ್ಟಿ ಹಿಂದೆಂದೂ ಕಾಣದಷ್ಟು ಚಿಕ್ಕದಾಯಿತು. ಹೊಸ ಡಾಕ್ಟರೊಬ್ಬರೂ ಬರದೆ, ಯಾವ ಕಾಯಿಲೆಯೂ ವಾಸಿಯಾಗದೆ, ಸಭ್ಯತೆಯೊಂದರಿಂದಲೇ ಇಷ್ಟು ಮಂದಿಯನ್ನು ಸ್ವಸ್ಥರನ್ನಾಗಿ ಮಾಡಿದ ಸರ್ಕಾರ ಮತ್ತೊಂದಿರಲಾರದು.

ಕಾಗದ ಓದಿ ಈನಿಡ್ ಅದನ್ನು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು. ಕಡೆಗೆ, "ಇರಲಿ, ಪರ..." ಎಂದು ಬಾಯಿ ತೆರೆದಳು.

"ಆ ಮಾತು ಇನ್ನೊಂದು ಸಲ ಆಡಿದ್ರೆ ಈ ಸೌಟು ನಿನ್ನ ತಲೆ ಮೇಲೆ!" ಎಂದಳು ಬೆರಿಲ್. "ಈಗಲೇ ಫೋನ್ ಮಾಡು. ನನ್ನ ಜಾಗ ವಾಪಸ್ ಕೊಡಿ ಅನ್ನು."

"ಹೇಗೇ ಕೇಳೋದು? ನನ್ನ ಹಿಂದಿದ್ದೋರೆಲ್ಲ ಒಂದೊಂದು ಹೆಜ್ಜೆ ಮುಂದೆ ಬಂದಿರ್ತಾರೆ. ಈಗ ನಾನು ಮಧ್ಯೆ ನುಗ್ಗಿದ್ರೆ?"

ಇದು ಹೊರಗಿನವರಿಗೆ ಸಣ್ಣ ಮಾತೆನಿಸಬಹುದು. ನಮ್ಮ ಜನ ಕಳ್ಳನನ್ನು ಕ್ಷಮಿಸುತ್ತಾರೆ, ಹೆಂಡತಿಯನ್ನು ಬಿಟ್ಟು ಓಡಿಹೋದವನೊಡನೆ ಕುಳಿತು ಬಿಯರ್ ಕುಡಿಯುತ್ತಾರೆ, ಆದರೆ ಸಾಲಿನ ನಡುವೆ ನುಗ್ಗಿದವನ ಮುಖವನ್ನು ಮೊಮ್ಮಕ್ಕಳಿಗೂ ತೋರಿಸಿಕೊಡುತ್ತಾರೆ. ಬೆರಿಲ್ ಕೂಡ ಎತ್ತಿದ ಸೌಟನ್ನು ಕೆಳಗಿಳಿಸಿದಳು. ಹೊಸದಾಗಿ ಹೆಸರು ಬರೆಸಿದರೆ ಮತ್ತೆ ಬಾಲದಿಂದ ಶುರು. ಈನಿಡ್‌ಗೆ ಅರವತ್ತು ಹತ್ತಿರವಾಗಿತ್ತು. ಇನ್ನೂ ಐದು ವರ್ಷ ಕಾದರೆ ಆಮೇಲೆ ಎಷ್ಟು ಉಳಿಯುತ್ತದೆಂಬ ಅವಳ ಲೆಕ್ಕ ನಮಗೂ ಗೊತ್ತಿತ್ತು.

ಅಷ್ಟರಲ್ಲಿ ಮಂತ್ರಿಗಳೇ ನಮ್ಮೂರಿಗೆ ಬರುತ್ತಾರೆಂಬ ಸುದ್ದಿ ಹಬ್ಬಿತು. ಪಟ್ಟಿ ಅತಿ ವೇಗವಾಗಿ ಕರಗಿದ ಜಿಲ್ಲೆ ನಮ್ಮದಾದ್ದರಿಂದ ಸಮುದಾಯ ಭವನದಲ್ಲಿ ಸಮಾರಂಭ, ಕೇಕು, ಛಾಯಾಚಿತ್ರ. ಕಾರು ಮಿಲ್ ರಸ್ತೆಯಿಂದಲೇ ಬರಬೇಕು, ಅದೂ ಶಾಲೆ ಬಿಡುವ ಹೊತ್ತಿಗೆ.

"ದೇವರೇ ಕಳಿಸಿದ ಹಾಗಿದೆ" ಎಂದಳು ಬೆರಿಲ್. "ಕೋಲು ನಿನ್ನ ಕೈಲಿ ಇರುತ್ತೆ, ಕಾರು ನಿನ್ನ ಮುಂದೆ. ಗಾಜು ಇಳಿಸ್ತಾನೆ, ಹೇಗಿದೀರಿ ಅಂತಾನೆ. ಅವರೆಲ್ಲ ಹಾಗೇ ಅನ್ನೋದು. ಚೆನ್ನಾಗಿಲ್ಲ ಅಂದ್ಬಿಡು."

ಆ ವಾರವೆಲ್ಲ ಅಡುಗೆಮನೆಯಲ್ಲಿ ತಾಲೀಮು ನಡೆಯಿತು. ನಾನು ಮಂತ್ರಿ, ಬಟಾಣಿ ಬೇಯಿಸುವ ಹಂಡೆ ಕಾರು.

"ಹೇಗಿದ್ದೀರಮ್ಮ?" ಎಂದೆ.

"ಚೆ... ಚೆನ್ನಾ... ಅಷ್ಟೇನೂ... ನೀವು ಹೇಗಿದೀರಿ?"

"ನನ್ನನ್ನ ಕೇಳಬೇಡ. ನೀನು ಹೇಳು."

"ಸಾರಿ. ಚೆನ್ನಾಗಿ... ಮೇಷ್ಟ್ರೇ, ಹೀಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ರೆ ಎದುರಿಗಿರೋರಿಗೆ ಬೇಜಾರಾಗಲ್ವಾ?"

"ಆಗಲಿ ಅಂತಾನೇ ಹೇಳೋದು!" ಎಂದು ಬೆರಿಲ್ ಹಂಡೆಗೆ ಸೌಟು ಬಡಿದಳು.

ಗುರುವಾರದ ಹೊತ್ತಿಗೆ ಪಾಠ ಬಾಯಿಗೆ ಬಂದಿತ್ತು. ಶುಕ್ರವಾರ ಕಾರು ಬಂತು. ಮಕ್ಕಳು ರಸ್ತೆಯ ಅಂಚಿನಲ್ಲಿ ನಿಂತಿದ್ದರು. ಈನಿಡ್ ನಡುರಸ್ತೆಗೆ ನಡೆದು ಕೋಲನ್ನು ಊರಿದಳು. ಕಾರು ನಿಂತಿತು. ಬೆರಿಲ್ ಅಡುಗೆಮನೆಯ ಕಿಟಕಿಯಲ್ಲಿ, ನಾನು ಗೇಟಿನಲ್ಲಿ. ಬೆರಿಲ್ ಹೇಳಿದ ಹಾಗೆಯೇ ಗಾಜು ಇಳಿಯಿತು, ಒಳಗಿನಿಂದ ಒಂದು ತೊಳೆದ ಮುಖ ನಕ್ಕಿತು.

"ಒಳ್ಳೆ ಕೆಲಸ ಮಾಡ್ತಿದೀರಮ್ಮ! ಹೇಗಿದ್ದೀರಿ?"

ಈನಿಡ್ ಉಸಿರೆಳೆದುಕೊಂಡಳು. ಕೋಲನ್ನು ಇನ್ನೊಂದು ಸಲ ನೆಲಕ್ಕೆ ಊರಿದಳು.

"ಪರವಾಗಿಲ್ಲ ಸರ್! ದೂರೋ ಹಾಗೇನಿಲ್ಲ. ಮಳೆ ಬೇರೆ ನಿಂತಿದೆ ನೋಡಿ."

ಕಿಟಕಿಯಲ್ಲಿ ಬೆರಿಲ್‌ಳ ಮುಖ ಮಾಯವಾಯಿತು. ಕಾರು ಮುಂದಕ್ಕೆ ಹೋಯಿತು. ಸಮಾರಂಭದಲ್ಲಿ ಮಂತ್ರಿಗಳು ಭಾಷಣದ ಕಾಗದ ಬಿಟ್ಟು ತಲೆಯೆತ್ತಿ, "ಇಲ್ಲಿಗೆ ಬರುವ ದಾರಿಯಲ್ಲಿ, ಮಕ್ಕಳನ್ನು ರಸ್ತೆ ದಾಟಿಸುತ್ತಿದ್ದ ಒಬ್ಬ ಹೆಣ್ಣುಮಗಳನ್ನು ವಿಚಾರಿಸಿದೆ. ದೂರುವ ಹಾಗೇನಿಲ್ಲ ಎಂದರು. ಇದಕ್ಕಿಂತ ದೊಡ್ಡ ಪ್ರಮಾಣಪತ್ರ ನಮಗೆ ಬೇಕೆ?" ಎಂದರು. ಚಪ್ಪಾಳೆ ಬಿತ್ತು.

ಸಂಜೆಯ ಸುದ್ದಿಯಲ್ಲಿ ಅದು ಬಂದದ್ದನ್ನು ಈನಿಡ್ ನೋಡಿದ್ದಳು. "ಹೆಣ್ಣುಮಗಳು ಅಂದ್ರು ಮೇಷ್ಟ್ರೇ. ಸರ್ಕಾರಾನೇ ಅಂತು" ಎಂದಳು, ನಗಬೇಕೋ ಅಳಬೇಕೋ ತಿಳಿಯದೆ.

"ಹಾಗಾದ್ರೆ ಚಿಕಿತ್ಸೆ ಮುಗೀತು ಬಿಡು" ಎಂದಳು ಬೆರಿಲ್. "ಕಾಸಿಲ್ಲದೆ ಆಯ್ತು."

ಆ ಮಾತು ನಡೆದದ್ದು ಅದೇ ಶುಕ್ರವಾರ ಚಿಪ್ಸ್ ಅಂಗಡಿಯ ಮುಂದಿನ ಸಾಲಿನಲ್ಲಿ. ಶುಕ್ರವಾರ ಸಂಜೆ ಥಾರ್ನ್‌ಶಾದಲ್ಲಿ ಯಾರ ಮನೆಯಲ್ಲೂ ಒಲೆ ಹೊತ್ತುವುದಿಲ್ಲ. ಎಲ್ಲರೂ ಲ್ಯೂಂಗ್‌ನ ಅಂಗಡಿಯಲ್ಲಿ ಕರಿದ ಮೀನಿಗೆ, ಆಲೂಗಡ್ಡೆಗೆ, ಹಿಸುಕಿದ ಬಟಾಣಿಗೆ ನಿಲ್ಲುತ್ತಾರೆ. ಸಾಲು ಬಾಗಿಲು ದಾಟಿ ಮೂಲೆಯವರೆಗೆ ಹೋಗಿತ್ತು. ಈನಿಡ್ ಇನ್ನೇನು ಬಾಗಿಲು ತಲುಪಬೇಕು, ಆಗ ರಸ್ತೆಯ ಆಚೆ ಬದಿಯಲ್ಲಿ ಊರುಗೋಲಿನ ಮುದುಕಿಯೊಬ್ಬಳು ದಾಟಲು ಹೆದರುತ್ತ ನಿಂತದ್ದು ಅವಳ ಕಣ್ಣಿಗೆ ಬಿತ್ತು. ಕೋಟಿಲ್ಲ, ಕೋಲಿಲ್ಲ, ಆದರೂ ಕೈಯನ್ನೇ ಹಲಗೆಯಂತೆ ಎತ್ತಿ ನಡುರಸ್ತೆಗೆ ಹೋದಳು. ಮುದುಕಿಯನ್ನು ದಾಟಿಸಿ, ಹಿಂದಿರುಗಿ, ಮರುಮಾತಿಲ್ಲದೆ ಮೂಲೆಯಲ್ಲಿದ್ದ ಸಾಲಿನ ಬಾಲಕ್ಕೆ ಹೋಗಿ ನಿಂತಳು.

ಸಾಲೆಲ್ಲ ತಿರುಗಿ ನೋಡಿತು.

"ಏಯ್ ಈನಿಡ್, ಎಲ್ಲಿಗೆ ಹೋದೆ? ನಿನ್ನ ಜಾಗ ಇಲ್ಲಿದೆ!"

"ಪರವಾಗಿಲ್ಲ, ನಾನು ಸಾಲು ಬಿಟ್ಟೆ."

"ಬಿಟ್ಟೆ ಅಂದ್ರೆ? ಹೋಗಿ ಬಂದೆ ಅಷ್ಟೆ. ಹೋಗಿ ಬರೋದು ಬಿಟ್ಟ ಹಾಗಾ?"

"ನಿಮ್ಮನ್ನೆಲ್ಲ ದಾಟಿ ಹೇಗೆ..."

ಒಳಗಿನಿಂದ ಲ್ಯೂಂಗ್ ಕೂಗಿದ. "ಈನಿಡ್ ಅವಳ ಜಾಗಕ್ಕೆ ಬರೋ ತನಕ ಯಾರಿಗೂ ಮೀನಿಲ್ಲ! ನನ್ನ ಅಂಗಡೀಲಿ ಅನ್ಯಾಯ ನಡೆಯಲ್ಲ, ಹೇಳಿದೀನಿ!"

ಅವಳ ಹಿಂದೆ ನಿಂತಿದ್ದ ಹೆಂಗಸು, ಹೆಸರು ನನಗೆ ಗೊತ್ತಿಲ್ಲ, ತಾನೇ ಹೋಗಿ ಈನಿಡ್‌ಳ ತೋಳು ಹಿಡಿದು ಎಳೆದು ತಂದಳು. "ನಾನು ನಿನ್ನ ಹಿಂದೆ ಇದ್ದೆ ಚಿನ್ನ. ನೀನು ಮುಂದೆ ಇಲ್ಲ ಅಂದ್ರೆ ನಾನು ಯಾರ ಹಿಂದೆ ನಿಲ್ಲಲಿ? ಸಾಲಲ್ಲಿ ಜಾಗ ಕಾಲಿಗಲ್ಲ, ಮನುಷ್ಯರಿಗೆ."

ಈನಿಡ್ ತನ್ನ ಜಾಗದಲ್ಲಿ ನಿಂತಳು. ನಿಂತವಳು ಬೆರಿಲ್‌ಳ ಕಡೆ ತಿರುಗಿದಳು. ಅವಳ ಮುಖದಲ್ಲಿ ಏನೋ ಇತ್ಯರ್ಥವಾದದ್ದು ಕಂಡಿತು.

"ಬೆರಿಲ್, ನನ್ನ ಹಿಂದೆ ಪಟ್ಟೀಲಿ ಯಾರೋ ಇರ್ತಾರಲ್ಲ. ಅವರೂ ಹೀಗೇ ಅನ್ನಬಹುದು ಅಲ್ವಾ?"

"ಅನ್ನದೆ ಏನು? ಅವರೂ ಈ ದೇಶದೋರೇ ತಾನೇ?"

ಸೋಮವಾರ ಬೆಳಿಗ್ಗೆ ಅಡುಗೆಮನೆಯಿಂದ ಫೋನ್ ಮಾಡಿದಳು. ಕಾಯುವವರಿಗೆಂದು ಫೋನಿನಲ್ಲಿ ಹಾಕಿಟ್ಟ ಪಿಟೀಲು ಬಹಳ ಹೊತ್ತು ಕೇಳಿಸಿತು. ಪಿಟೀಲು ನಿಂತು, ತಾವು ನಮಗೆ ಅಮೂಲ್ಯರು ಎಂದಿತು, ಮತ್ತೆ ಪಿಟೀಲು. ಕಡೆಗೆ ಅದೇ ಹುಡುಗಿ ಸಿಕ್ಕಳು.

"ಹೇಗಿದ್ದೀರಿ ಮಿಸ್ ಆರ್ಮರಾಡ್?"

ಬೆರಿಲ್ ಸೌಟನ್ನು ಮೆಲ್ಲಗೆ ಮೇಲೆತ್ತಿದಳು. ಈನಿಡ್ ಎದ್ದು ನಿಂತಳು, ಕುಳಿತು ಆಡುವ ಮಾತಲ್ಲವೆಂಬಂತೆ.

"ಚೆನ್ನಾಗಿಲ್ಲ, ಚಿನ್ನ. ಸಾರಿ."

"ಏನಂದ್ರಿ?"

"ಚೆನ್ನಾಗಿಲ್ಲ. ಐದು ವರ್ಷದಿಂದ ಚೆನ್ನಾಗಿಲ್ಲ. ಅವತ್ತು ನೀನು ಕೇಳಿದಾಗಲೂ ಚೆನ್ನಾಗಿರಲಿಲ್ಲ. ನಿನಗೆ ಬೇಜಾರಾಗುತ್ತೆ ಅಂತ ಪರವಾಗಿಲ್ಲ ಅಂದೆ."

"ಅಯ್ಯೋ" ಎಂದಳು ಹುಡುಗಿ. ಆಮೇಲೆ ದನಿ ತಗ್ಗಿಸಿದಳು. "ನೋಡಿ, ಇಲ್ಲಿ ಒತ್ತೋಕೆ ಮೂರೇ ಗುಂಡಿ ಇದೆ. 'ಪರವಾಗಿಲ್ಲ', 'ಬೇಡ', 'ತೀರಿಕೊಂಡರು'. ಚೆನ್ನಾಗಿಲ್ಲ ಅನ್ನೋದು ಇಲ್ಲ. ಇದುವರೆಗೂ ಯಾರೂ ಹಾಗೆ ಹೇಳಿಲ್ಲ."

"ಹೇಳೋದು ಕಷ್ಟ ಚಿನ್ನ. ನನಗೆ ಒಂದು ವಾರ ಪಾಠ ಹೇಳಿಕೊಟ್ರು, ಆದ್ರೂ ಬರಲಿಲ್ಲ."

"ಹೊಸದಾಗಿ ಹೆಸರು ಸೇರಿಸಬಹುದು. ಆದ್ರೆ ಕೊನೆಯಿಂದ..."

"ಒಂದು ಮಾತು ಕೇಳ್ಲಾ? ನಿಮ್ಮೂರಲ್ಲಿ ಚಿಪ್ಸ್ ಅಂಗಡಿ ಇದೆಯಾ?"

"ಇದೆ. ಯಾಕೆ?"

"ಸಾಲಲ್ಲಿದ್ದೋಳು ಒಂದು ಗಳಿಗೆ ಆಚೆ ಹೋಗಿ ಬಂದ್ರೆ ಎಲ್ಲಿ ನಿಲ್ಲಿಸ್ತೀರಿ?"

"ಅವಳ ಜಾಗದಲ್ಲೇ. ಮತ್ತೆಲ್ಲಿ?" ಹುಡುಗಿಗೆ ಪ್ರಶ್ನೆಯೇ ವಿಚಿತ್ರವೆನಿಸಿತ್ತು. "ಇಲ್ಲಾಂದ್ರೆ ನಮ್ಮಜ್ಜಿ ಸುಮ್ನೆ ಬಿಡ್ತಾಳಾ?"

ಹೇಳಿದ ಮೇಲೆ ಅವಳಿಗೇ ಅರ್ಥವಾಗಿರಬೇಕು. ಸ್ವಲ್ಪ ಹೊತ್ತು ಗುಂಡಿಗಳನ್ನು ಒತ್ತುವ ಸದ್ದು ಕೇಳಿಸಿತು. ಒಮ್ಮೆ ಯಾರನ್ನೋ ಕರೆದು ಪಿಸುಗುಟ್ಟಿದಳು. "ಕಚೇರಿ ತಪ್ಪು ಅಂತ ಹಾಕಿದೀನಿ" ಎಂದಳು. "ನಿಮ್ಮ ಜಾಗ ಇಲ್ಲೇ ಇತ್ತು. ಯಾರೂ ತುಂಬಿರಲಿಲ್ಲ. ತೆಗೆದಿದ್ವಿ ಅಷ್ಟೇ."

ಈನಿಡ್ ಫೋನ್ ಇಟ್ಟು ಕುಳಿತಳು. ಬೆರಿಲ್ ಸೌಟನ್ನು ಕೆಳಗಿಟ್ಟು ಅವಳ ಟೀಗೆ ಎರಡು ಚಮಚ ಸಕ್ಕರೆ ಹೆಚ್ಚಿಗೆ ಹಾಕಿದಳು.

ಆ ತಿಂಗಳು ಜಿಲ್ಲೆಯ ಪಟ್ಟಿ ಒಂದು ತಲೆಯಷ್ಟು ಉದ್ದವಾಯಿತು. ಇಲಾಖೆಯ ವಕ್ತಾರರು ಇದನ್ನು ಋತುಮಾನದ ಏರುಪೇರು ಎಂದು ವಿವರಿಸಿದರು.

ಮೊದಲ ಭೇಟಿ ಮರುವರ್ಷದ ವಸಂತದಲ್ಲಿ ಸಿಕ್ಕಿತು. ಈನಿಡ್ ನೀಲಿ ಕೋಟು ತೊಟ್ಟು ರೈಲಿನಲ್ಲಿ ನಗರಕ್ಕೆ ಹೋದಳು. ಬೆರಿಲ್ ಶುಂಠಿ ಹಾಕಿದ ಕೇಕು ಕಟ್ಟಿಕೊಟ್ಟಿದ್ದಳು, ಡಾಕ್ಟರಿಗೂ ಒಂದು ತುಂಡು ಸೇರಿಸಿ. ಡಾಕ್ಟರು ದಣಿದ ಕಣ್ಣುಗಳ ಎಳೆಯ ಹೆಂಗಸಂತೆ. "ಹೇಗಿದ್ದೀರಿ?" ಎಂದರಂತೆ. "ಪೂರ್ತಿ ಹೇಳ್ಲಾ, ಸಭ್ಯತೆಗೆ ಹೇಳ್ಲಾ?" ಎಂದು ಕೇಳಿದಳಂತೆ ಈನಿಡ್. ಡಾಕ್ಟರು ಪೆನ್ನು ಕೆಳಗಿಟ್ಟು ಕೇಕಿನ ತುಂಡನ್ನು ಕೈಗೆ ತೆಗೆದುಕೊಂಡರಂತೆ. "ಪೂರ್ತಿ."

ಮಾತ್ರೆ ಶುರುವಾಗಿ ಒಂದು ವರ್ಷದ ಮೇಲಾಯಿತು. ಎರಡನೆಯ ಭೇಟಿಗೆ ಈಗ ಬೇರೊಂದು ಪಟ್ಟಿ. ಅದಕ್ಕೂ ಒಂದು ಮೊಟಕು ಯೋಜನೆ ಬರಲಿದೆಯೆಂದು ಕೇಳಿದ್ದೇವೆ. ಗುರುವಾರ ಸಂಜೆ ಊರಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಈನಿಡ್ ಒಂದು ಕೂಟ ನಡೆಸುತ್ತಾಳೆ. ಕಾಯುತ್ತಿರುವವರು ನಾಲ್ಕು ಊರುಗಳಿಂದ ಬರುತ್ತಾರೆ. ಹದಿಹರೆಯ ದಾಟಿದವರಿಂದ ಹಿಡಿದು ಅಜ್ಜನ ವಯಸ್ಸಿನವರವರೆಗೆ. ಬಾಗಿಲಲ್ಲಿಯೇ ಅವಳು ಒಬ್ಬೊಬ್ಬರನ್ನೂ ಹೇಗಿದೀಯ ಎಂದು ಕೇಳುತ್ತಾಳೆ. ಪರವಾಗಿಲ್ಲ ಎಂದವರು ಮುಂದಿನ ವಾರದ ಬಿಸ್ಕತ್ತು ತರಬೇಕು. ಕೂಟ ಶುರುವಾದ ದಿನಗಳಲ್ಲಿ ಬಿಸ್ಕತ್ತು ಇಡಲು ಜಾಗ ಸಾಲುತ್ತಿರಲಿಲ್ಲ. ಈಗೀಗ ಬೆರಿಲ್ ಮನೆಯಿಂದ ಮಾಡಿ ತರುವಷ್ಟು ಕೊರತೆ.

ಬೆಳಗಿನ ಹೊತ್ತು ಮಿಲ್ ರಸ್ತೆಯಲ್ಲಿ ಅವಳು ಇದ್ದೇ ಇರುತ್ತಾಳೆ. ನಿನ್ನೆ ಕೊನೆಯ ಮಗು ದಾಟಿದ ಮೇಲೆ ನಾನೂ ದಾಟುತ್ತಿದ್ದೆ. ಕೋಲು ಇನ್ನೂ ನೆಲದಲ್ಲಿ ಊರಿತ್ತು, ಎರಡು ಕಡೆಯೂ ಕಾರುಗಳು ನಿಂತಿದ್ದವು.

"ಹೇಗಿದೀಯ ಈನಿಡ್?" ಎಂದೆ, ಬಾಯಿಮಾತಿಗೆ.

"ಎಡಗಡೆ ಮಂಡಿ ನೋಯ್ತಿದೆ ಮೇಷ್ಟ್ರೇ. ಬಲಗಡೇದು ಅದಕ್ಕಿಂತ ಜಾಸ್ತಿ. ಮನೆ ಸೂರು ಸೋರ್ತಿದೆ. ನಿನ್ನೆ ರಾತ್ರಿ ಯಾಕೋ ಅಮ್ಮ ನೆನಪಾಗಿ ಅತ್ತೆ. ಆದ್ರೆ ಇವತ್ತು ಬೆಳಿಗ್ಗೆ ಕನ್ನಡೀಲಿ ಯಾರಿದ್ರು ಗೊತ್ತಾ? ನಮ್ಮಜ್ಜಿ. ಅದೇ ಗಲ್ಲ, ಅದೇ ನಗು. ಎಷ್ಟು ಹೊತ್ತು ನಿಂತಿದ್ದೆ ಅಂದ್ರೆ, ಟೋಸ್ಟ್ ಸೀದು ಹೋಯ್ತು. ಆಮೇಲೆ ಇನ್ನೊಂದು..."

ಅವಳು ಹೇಳುತ್ತಲೇ ಇದ್ದಳು. ಕಾರುಗಳು ಕಾಯುತ್ತಿದ್ದವು. ಯಾರೂ ಹಾರ್ನ್ ಹೊಡೆಯಲಿಲ್ಲ.